ಟಿಪ್ಪಣಿಯ ಅಂಚಿನಲ್ಲಿ ಒಂದು ಉಂಗುರ

ಇನ್ನೊಬ್ಬರು ಓದಲೆಂದು ಬರೆಯುವ ಪುಸ್ತಕದಲ್ಲಿ ಚಿತ್ರವಿದ್ದರೆ ಅದರ ಉದ್ದೇಶ ಸ್ಪಷ್ಟ: ಓದುಗನಿಗೆ ವಿಷಯ ಬೇಗ ತಿಳಿಯಲಿ ಎಂಬುದು. ಆದರೆ ತನ್ನೊಬ್ಬನ ಉಪಯೋಗಕ್ಕೆ ಬರೆದಿಟ್ಟುಕೊಳ್ಳುವ ಟಿಪ್ಪಣಿಯಲ್ಲಿ ಚಿತ್ರಕ್ಕೇನು ಕೆಲಸ? ಬರೆದವನಿಗೆ ವಿಷಯ ಮೊದಲೇ ಗೊತ್ತಿರುತ್ತದಲ್ಲ! ಕಂಪ್ಯೂಟರಿನಲ್ಲಿ ‘ವಿಕಿ’ ಮಾದರಿಯ ಖಾಸಗಿ ಟಿಪ್ಪಣಿಗಳನ್ನು ಇಟ್ಟುಕೊಳ್ಳುವವರು, ಅದರಲ್ಲಿ ನಕ್ಷೆ, ರೇಖಾಚಿತ್ರಗಳನ್ನು ಸೇರಿಸುವ ಬಗೆ ಹೇಗೆಂದು ತಲೆ ಕೆಡಿಸಿಕೊಳ್ಳುವುದನ್ನು ಕಂಡಾಗ ಈ ಪ್ರಶ್ನೆ ಏಳುವುದು ಸಹಜ. ಇದಕ್ಕೆ ಒಳ್ಳೆಯ ಉತ್ತರ ಸಿಗುವುದು ಸುಮಾರು ಇನ್ನೂರು ವರ್ಷಗಳ ಹಿಂದಿನ ಒಂದು ದಿನಚರಿಯಲ್ಲಿ. ಬರೆದವನು ಮೈಕೆಲ್ ಫ್ಯಾರಡೆ.

ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಲಂಡನ್ನಿನ ಹೊರವಲಯದ ಒಬ್ಬ ಬಡ ಕಮ್ಮಾರನ ಮನೆಯಲ್ಲಿ. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಒಂದಿಷ್ಟು ಲೆಕ್ಕ, ಅಷ್ಟೇ. ಹದಿನಾಲ್ಕನೆಯ ವಯಸ್ಸಿಗೆ ಜಾರ್ಜ್ ರಿಬೋ ಎಂಬ ಪುಸ್ತಕ ವ್ಯಾಪಾರಿಯ ಬಳಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದ. ಕಟ್ಟಲು ಬಂದ ಪುಸ್ತಕಗಳನ್ನು ಓದುತ್ತ ವಿಜ್ಞಾನದ ರುಚಿ ಹತ್ತಿತು. ಐಸಾಕ್ ವಾಟ್ಸ್ ಎಂಬಾತ ಬರೆದಿದ್ದ, ಮನಸ್ಸನ್ನು ಬೆಳೆಸಿಕೊಳ್ಳುವ ಬಗೆ ಹೇಳುವ ಪುಸ್ತಕವೊಂದು ಅವನ ಮೇಲೆ ಬಹಳ ಪ್ರಭಾವ ಬೀರಿತು. ಕೇಳಿದ್ದನ್ನು, ಓದಿದ್ದನ್ನು ಬರೆದಿಟ್ಟುಕೊಳ್ಳುವ ಅಭ್ಯಾಸ ಬೆಳೆದದ್ದು ಆಗಲೇ. ಅದೇ ಮನೆಯಲ್ಲಿ ಬಾಡಿಗೆಗಿದ್ದ ಮಾಸ್ಕೆರಿಯೆ ಎಂಬ ಚಿತ್ರಕಾರ ಈ ಹುಡುಗನಿಗೆ ದೂರ–ಹತ್ತಿರಗಳ ಲೆಕ್ಕ ಹಿಡಿದು ವಸ್ತುಗಳನ್ನು ಬರೆಯುವ ಬಗೆಯನ್ನು ಹೇಳಿಕೊಟ್ಟ.

ಈ ಎರಡು ಅಭ್ಯಾಸಗಳು ಸೇರಿ ಅವನ ಬದುಕನ್ನೇ ತಿರುಗಿಸಿದವು. 1812ರಲ್ಲಿ ಗಿರಾಕಿಯೊಬ್ಬರು ಕೊಟ್ಟ ಟಿಕೇಟಿನಿಂದಾಗಿ ಸರ್ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳನ್ನು ಕೇಳುವ ಅವಕಾಶ ಸಿಕ್ಕಿತು. ಫ್ಯಾರಡೆ ಅವುಗಳನ್ನು ವಿವರವಾಗಿ ಬರೆದುಕೊಂಡ. ಉಪಕರಣಗಳ ಚಿತ್ರಗಳನ್ನೂ ಬಿಡಿಸಿದ. ಎಲ್ಲವನ್ನೂ ತಾನೇ ರಟ್ಟು ಕಟ್ಟಿ ಡೇವಿಗೆ ಕಳಿಸಿದ. ಮರುವರ್ಷ ಮಾರ್ಚಿನಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ವಿದ್ಯಾಲಯದ ಮೆಟ್ಟಿಲು ಹತ್ತದ ಹುಡುಗನ ಬಳಿ ಇದ್ದ ಅರ್ಹತಾಪತ್ರವೆಂದರೆ ಆ ಟಿಪ್ಪಣಿ ಪುಸ್ತಕ.

ಮುಂದೆ ಅಲ್ಲಿಯೇ ಹತ್ತಾರು ವರ್ಷ ಆತ ಪ್ರಯೋಗಗಳ ದಿನಚರಿ ಬರೆದ. 1831ರ ಆಗಸ್ಟ್ 29ರ ಪುಟದಲ್ಲಿ ಒಂದು ಉಂಗುರದ ಚಿತ್ರವಿದೆ. ಹೊರಗಿನ ಅಡ್ಡಳತೆ ಆರು ಅಂಗುಲದ ಮೆದು ಕಬ್ಬಿಣದ ಉಂಗುರ. ಅದರ ಒಂದು ಬದಿಗೊಂದು, ಇನ್ನೊಂದು ಬದಿಗೊಂದು ತಂತಿಯ ಸುರುಳಿ. ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದೊಡನೆ, ಇನ್ನೊಂದು ಸುರುಳಿಯ ತಂತಿಯ ಬಳಿ ಇಟ್ಟಿದ್ದ ಕಾಂತದ ಮುಳ್ಳು ಅಲುಗಿತು, ಮತ್ತೆ ಸುಮ್ಮನಾಯಿತು. ಬ್ಯಾಟರಿ ತೆಗೆದಾಗ ಮತ್ತೊಮ್ಮೆ ಅಲುಗಿತು. ಎರಡು ಸುರುಳಿಗಳಿಗೂ ನೇರ ಸಂಪರ್ಕವಿಲ್ಲ. ಇದೇ ವಿದ್ಯುತ್ಕಾಂತೀಯ ಪ್ರೇರಣೆಯ ಆವಿಷ್ಕಾರ. ನಮ್ಮ ಬೀದಿಯ ಟ್ರಾನ್ಸ್‌ಫಾರ್ಮರು, ಅಣೆಕಟ್ಟಿನ ಬುಡದ ಜನರೇಟರು ಎಲ್ಲವೂ ನಿಂತಿರುವುದು ಇದೇ ತತ್ತ್ವದ ಮೇಲೆ.

1832ರಿಂದ ಫ್ಯಾರಡೆ ದಿನಚರಿಯ ಒಂದೊಂದು ಪರಿಚ್ಛೇದಕ್ಕೂ ಕ್ರಮವಾಗಿ ಸಂಖ್ಯೆ ಹಾಕುತ್ತ ಬಂದ. ಆ ಸಂಖ್ಯೆ ಕೊನೆಗೆ 16,041ರವರೆಗೆ ಹೋಯಿತು. ಪ್ರಕಟಿಸಿದ ಸಂಶೋಧನ ಲೇಖನಗಳಲ್ಲೂ ಹೀಗೆಯೇ ಸಂಖ್ಯೆಗಳಿವೆ. ವಾಕ್ಯದ ನಡುವೆ ಆವರಣದಲ್ಲಿ ಹಿಂದಿನ ಪರಿಚ್ಛೇದದ ಸಂಖ್ಯೆ ಕೊಟ್ಟು ಓದುಗನನ್ನು ಅಲ್ಲಿಗೆ ಕಳಿಸುತ್ತಾನೆ. ಇಂದಿನ ವಿಕಿಯಲ್ಲಿ ಒಂದು ಪದವನ್ನು ಒತ್ತಿದರೆ ಇನ್ನೊಂದು ಪುಟ ತೆರೆಯುವುದಕ್ಕೂ ಇದಕ್ಕೂ ವ್ಯತ್ಯಾಸ ವೇಗದಲ್ಲಿ ಮಾತ್ರ. ಇಷ್ಟೊಂದು ಶಿಸ್ತಿಗೆ ಕಾರಣವೂ ಇತ್ತು. ತನ್ನ ನೆನಪಿನ ಶಕ್ತಿ ದುರ್ಬಲವೆಂದು ಫ್ಯಾರಡೆ ಪತ್ರಗಳಲ್ಲಿ ಮತ್ತೆ ಮತ್ತೆ ಕೊರಗಿದ್ದಾನೆ. ವಯಸ್ಸಾದಂತೆ ಮರೆವು ಹೆಚ್ಚಿತು. ದಿನಚರಿಯೇ ಅವನ ಹೊರಗಿನ ನೆನಪಾಗಿತ್ತು.

ಆದರೆ ಚಿತ್ರಗಳು ಕೇವಲ ನೆನಪಿಗಾಗಿ ಬಂದವಲ್ಲ. ಫ್ಯಾರಡೆಗೆ ಉನ್ನತ ಗಣಿತ ಬರುತ್ತಿರಲಿಲ್ಲ. ಆ ಕಾಲದ ಪಂಡಿತರು ಕಾಂತ ಮತ್ತು ವಿದ್ಯುತ್ತುಗಳನ್ನು ದೂರದಿಂದ ಒಂದನ್ನೊಂದು ಸೆಳೆಯುವ ಬಿಂದುಗಳೆಂದು ಸಮೀಕರಣಗಳಲ್ಲಿ ಬರೆಯುತ್ತಿದ್ದರು. ಫ್ಯಾರಡೆ ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಕಾಂತದ ಸುತ್ತ ಅದು ಕಟ್ಟಿಕೊಳ್ಳುವ ಬಾಗುಗೆರೆಗಳನ್ನು ನೋಡಿದ, ಅವನ್ನು ಬರೆದುಕೊಂಡ, ಮೇಣದ ಕಾಗದದ ಮೇಲೆ ಪುಡಿಯ ವಿನ್ಯಾಸವನ್ನೇ ಅಂಟಿಸಿಟ್ಟ. ಗೆರೆಗಳನ್ನು ಬರೆಯುತ್ತ ಬರೆಯುತ್ತ, ಬಲವಿರುವುದು ಕಾಂತದ ಒಳಗೆ ಮಾತ್ರವಲ್ಲ, ಸುತ್ತಲಿನ ಬಯಲಿನಲ್ಲಿಯೂ ಹರಡಿದೆ ಎಂಬ ನಂಬಿಕೆ ಅವನಲ್ಲಿ ಗಟ್ಟಿಯಾಯಿತು. ಇದೇ ‘ಕ್ಷೇತ್ರ’ದ ಕಲ್ಪನೆ. ಗಣಿತಜ್ಞರನೇಕರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. 1850ರ ದಶಕದಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಎಂಬ ತರುಣ ಆ ಗೆರೆಗಳನ್ನು ಗಣಿತದ ಭಾಷೆಗೆ ತಂದ. ಮುಂದೆ ಬೆಳಕು ಕೂಡ ವಿದ್ಯುತ್ಕಾಂತೀಯ ಅಲೆಯೇ ಎಂದು ತಿಳಿದದ್ದು ಆ ದಾರಿಯಲ್ಲೇ. ಗಣಿತ ಗೊತ್ತಿಲ್ಲದವನು ಗೆರೆಯಲ್ಲಿ ಕಂಡದ್ದನ್ನು ಗಣಿತ ಬಲ್ಲವನು ಅಕ್ಷರದಲ್ಲಿ ಹೇಳಿದ.

ಇದು ಫ್ಯಾರಡೆ ಒಬ್ಬನ ಕಥೆಯಲ್ಲ. ಬೀಗಲ್ ಹಡಗಿನ ಯಾನ ಮುಗಿಸಿ ಬಂದ ಚಾರ್ಲ್ಸ್ ಡಾರ್ವಿನ್ 1837ರಲ್ಲಿ ತನ್ನ ಕಿರು ಟಿಪ್ಪಣಿ ಪುಸ್ತಕದ ಒಂದು ಪುಟದಲ್ಲಿ ಕವಲೊಡೆದ ಸಣ್ಣ ಮರವೊಂದನ್ನು ಗೀಚಿದ. ಒಂದೇ ಮೂಲದಿಂದ ಜೀವಿಗಳು ಕವಲಾಗಿ ಬೆಳೆದಿರಬೇಕೆಂಬ ಊಹೆ ಅದರಲ್ಲಿದೆ. ಅದು ಪುಸ್ತಕವಾಗಿ ಜಗತ್ತಿನ ಮುಂದೆ ಬಂದದ್ದು 1859ರಲ್ಲಿ. ಆ ದೊಡ್ಡ ಗ್ರಂಥದಲ್ಲಿರುವ ಚಿತ್ರ ಒಂದೇ ಒಂದು; ಅದೂ ಕವಲುಗಳದ್ದೇ. ಆ ಕಿರುಪುಸ್ತಕ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಿಂದ ಎರಡು ದಶಕಗಳ ಕಾಲ ಕಾಣೆಯಾಗಿದ್ದು, 2022ರಲ್ಲಿ ಯಾರೋ ಉಡುಗೊರೆಯ ಚೀಲದಲ್ಲಿಟ್ಟು ಹಿಂದಿರುಗಿಸಿ ಹೋದರು.

ಕೈಯಲ್ಲಿ ಪೆನ್ನು ಇದ್ದಾಗ ಅಕ್ಷರದಿಂದ ಚಿತ್ರಕ್ಕೆ ಹೋಗುವುದು ಒಂದು ಕ್ಷಣದ ಮಾತು. ಬೆರಳಚ್ಚು ಯಂತ್ರ ಬಂದ ಮೇಲೆ ಆ ದಾರಿ ಕಡಿಯಿತು. ಕಂಪ್ಯೂಟರೂ ಬಹುಕಾಲ ಅದೇ ಪರಂಪರೆಯನ್ನು ಮುಂದುವರಿಸಿತು. 1995ರಲ್ಲಿ ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ ಮೊದಲ ವಿಕಿಯನ್ನು ತೆರೆದಾಗ ಅದು ಮುಖ್ಯವಾಗಿ ಅಕ್ಷರಗಳ ಜಾಗವಾಗಿತ್ತು. ವಿಕಿ ಎಂದರೆ ಹವಾಯಿ ಭಾಷೆಯಲ್ಲಿ ‘ಬೇಗ’. ಬರೆಯುವುದೇನೋ ಬೇಗ; ಚಿತ್ರ ಬೇಕಾದರೆ ಬೇರೆ ಕಡೆ ಬರೆದು, ಉಳಿಸಿ, ತಂದು ಅಂಟಿಸಬೇಕು. ನಾಳೆ ವಿಷಯ ಬದಲಾದರೆ ಬರಹ ತಿದ್ದುವುದು ಸುಲಭ, ಚಿತ್ರ ಹಳೆಯದೇ ಉಳಿಯುತ್ತದೆ.

ಇದಕ್ಕೊಂದು ಪರಿಹಾರ ಅಕ್ಷರದ ಕಡೆಯಿಂದಲೇ ಬಂತು. ‘ಇದರಿಂದ ಅದು’ ಎಂದು ಬಾಣದ ಗುರುತು ಹಾಕಿ ಸಾಲು ಸಾಲಾಗಿ ಬರೆದರೆ ಸಾಕು, ಪೆಟ್ಟಿಗೆ, ಗೆರೆಗಳನ್ನು ಕಂಪ್ಯೂಟರೇ ಜೋಡಿಸುತ್ತದೆ. ಬೆಲ್ ಪ್ರಯೋಗಾಲಯದಲ್ಲಿ ಬೆಳೆದ ಗ್ರಾಫ್‌ವಿಜ್, 2014ರಲ್ಲಿ ಬಂದ ಮರ್ಮೇಡ್ ಈ ಬಗೆಯವು. ಸಾಲು ತಿದ್ದಿದರೆ ಚಿತ್ರವೂ ತಿದ್ದಿಕೊಳ್ಳುತ್ತದೆ. ಮನೆತನದ ವಂಶವೃಕ್ಷಕ್ಕೆ, ಕಚೇರಿಯ ಕೆಲಸದ ಹಂತಗಳಿಗೆ ಇದಕ್ಕಿಂತ ಅನುಕೂಲ ಬೇರಿಲ್ಲ.

ಆದರೂ ಒಂದು ಮಾತು ನೆನಪಿಡಬೇಕು. ಸಂಬಂಧಗಳನ್ನು ಮೊದಲೇ ಬಲ್ಲವನು ಮಾತ್ರ ಅವನ್ನು ಸಾಲಿನಲ್ಲಿ ಬರೆದುಕೊಡಬಲ್ಲ. ಪೆಟ್ಟಿಗೆಗೆ ಹೆಸರಿಟ್ಟ ಮೇಲೆಯೇ ಬಾಣ. ಫ್ಯಾರಡೆಯ ಬಾಗುಗೆರೆಗಳಿಗೆ ಮೊದಮೊದಲು ಅಂಥ ಹೆಸರೇ ಇರಲಿಲ್ಲ. ಡಾರ್ವಿನ್ನನ ಮರ ಊಹೆಯ ಹಂತದಲ್ಲಿತ್ತು. ಅಂಥ ಅರೆತಿಳಿದ ವಿಷಯಕ್ಕೆ ಇಂದಿಗೂ ಕಾಗದ, ಪೆನ್ಸಿಲೇ ಬೇಕು. ಹಾಗೆ ಗೀಚಿದ್ದರ ಫೋಟೋ ತೆಗೆದು, ಅಂಕುಡೊಂಕಾಗಿದ್ದರೂ ಚಿಂತೆಯಿಲ್ಲ, ಟಿಪ್ಪಣಿಯ ಪಕ್ಕದಲ್ಲೇ ಇಟ್ಟುಕೊಳ್ಳುವುದು ಲೇಸು. ಅಂದವಾಗಿಲ್ಲವೆಂದು ಅದನ್ನು ಹೊರಗಿಡುವವನು, ತನಗೆ ಪೂರ್ತಿ ತಿಳಿದದ್ದನ್ನು ಮಾತ್ರ ಬರೆದಿಡುತ್ತಾನೆ. ಟಿಪ್ಪಣಿಗೆ ನಿಜವಾದ ಕೆಲಸವಿರುವುದು ಇನ್ನೂ ತಿಳಿಯಬೇಕಾದ ಕಡೆ.