ಗ್ರಾಮ ಪಂಚಾಯತಿ ಅಭಿವೃದ್ಧಿ ಯೋಜನೆ: ಗ್ರಾಮಸ್ಥರ ಬೇಡಿಕೆಗಳಿಗೆ ಅನುದಾನ ದೊರೆಯುವ ಬಗೆ

ಸಂವಿಧಾನದ 73ನೇ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಿದ್ದು, ಆರ್ಥಿಕ ಅಭಿವೃದ್ಧಿ ಹಾಗೂ ಸಾಮಾಜಿಕ ನ್ಯಾಯಕ್ಕಾಗಿ ಯೋಜನೆಗಳನ್ನು ಸಿದ್ಧಪಡಿಸುವ ಅಧಿಕಾರವನ್ನು ಪಂಚಾಯತಿಗಳಿಗೆ ವಹಿಸಲು 243-ಜಿ ಅನುಚ್ಛೇದದಲ್ಲಿ ಅವಕಾಶ ಕಲ್ಪಿಸಲಾಗಿದೆ. ರಾಜ್ಯದಲ್ಲಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993 ಇದಕ್ಕೆ ಆಧಾರವಾಗಿರುತ್ತದೆ. ಸಂತೆಕಟ್ಟೆ, ಒಕ್ಕಣೆ ಕಣ, ಸ್ವಸಹಾಯ ಸಂಘದ ಕೆಲಸದ ಶೆಡ್ ಮುಂತಾದ ಕಾಮಗಾರಿಗಳಿಗೆ ಪಂಚಾಯತಿಯಿಂದ ಅನುದಾನ ಬೇಕಿದ್ದಲ್ಲಿ, ಆ ಕಾಮಗಾರಿಯು ಮೊದಲು ವಾರ್ಷಿಕ ಯೋಜನೆಯಲ್ಲಿ ಸೇರಿರತಕ್ಕದ್ದು.

ಬೇಡಿಕೆ ಸಲ್ಲಿಸುವ ಕಾಲ

ಯೋಜನೆಯನ್ನು ಮುಂದಿನ ಆರ್ಥಿಕ ವರ್ಷಕ್ಕಾಗಿ ಮುಂಚಿತವಾಗಿ ತಯಾರಿಸಲಾಗುತ್ತದೆ. ಇದಕ್ಕಾಗಿ ಜನರ ಯೋಜನಾ ಅಭಿಯಾನವನ್ನು 2018ರ ಅಕ್ಟೋಬರ್ 2ರಂದು ಆರಂಭಿಸಲಾಯಿತು. ಮಾರ್ಚ್ ತಿಂಗಳಿನಲ್ಲಿ ಅರ್ಜಿ ಹಿಡಿದು ಪಂಚಾಯತಿ ಕಚೇರಿಗೆ ಬರುವವರು ಅನೇಕರು. ಅಷ್ಟರಲ್ಲಿ ಕ್ರಿಯಾ ಯೋಜನೆ ಸಿದ್ಧವಾಗಿರುವುದರಿಂದ ಅಂತಹ ಬೇಡಿಕೆಯು ಸಾಮಾನ್ಯವಾಗಿ ಒಂದು ವರ್ಷ ಹಿಂದೆ ಬೀಳುತ್ತದೆ. ಬೇಡಿಕೆಯು ಜನವಸತಿ ಸಭೆ ಮತ್ತು ವಾರ್ಡ್ ಸಭೆಯ ಮೂಲಕ ಗ್ರಾಮ ಸಭೆಗೆ ಬರತಕ್ಕದ್ದು. ಊರಿನಿಂದ ದೂರವಿರುವ ತಾಂಡಾ, ಹಟ್ಟಿ, ದೊಡ್ಡಿಗಳ ನಿವಾಸಿಗಳು ಗ್ರಾಮ ಸಭೆಗೆ ಬರಲಾಗದಿದ್ದರೂ ಜನವಸತಿ ಸಭೆಯನ್ನು ತಪ್ಪಿಸಬಾರದು.

ಬೇಡಿಕೆಯು ಲಿಖಿತವಾಗಿರುವುದು ಸೂಕ್ತ. ಕಾಮಗಾರಿಯ ಸ್ಥಳ, ಜಾಗದ ಸರ್ವೆ ನಂಬರ್ ಮತ್ತು ಒಡೆತನ, ಪ್ರಯೋಜನ ಪಡೆಯುವ ಕುಟುಂಬಗಳ ಸಂಖ್ಯೆ ಇವಿಷ್ಟನ್ನು ನಮೂದಿಸಿ ಸ್ವೀಕೃತಿ ಪಡೆಯಬೇಕು. ಒಡೆತನ ಇತ್ಯರ್ಥವಾಗದ ಜಾಗದ ಕಾಮಗಾರಿಗಳು ಮಂಜೂರಾದ ನಂತರವೂ ನಿಂತುಹೋಗುತ್ತವೆ. ಬೇಡಿಕೆಯು ಸಭೆಯ ನಡವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂಬುದನ್ನು ಅಂದೇ ನೋಡಿಕೊಳ್ಳುವುದು ಅತಿ ಮುಖ್ಯ. ಬಾಯಿಮಾತಿನ ಒಪ್ಪಿಗೆಗೆ ಲೆಕ್ಕಪತ್ರದಲ್ಲಿ ಸ್ಥಾನವಿಲ್ಲ.

ಹಣದ ಮಿತಿ

15ನೇ ಹಣಕಾಸು ಆಯೋಗವು 2021-22ರಿಂದ 2025-26ರ ಅವಧಿಗೆ ಶೇ. 60ರಷ್ಟು ಅನುದಾನವನ್ನು ನಿರ್ಬಂಧಿತವೆಂದು ನಿಗದಿಪಡಿಸಿತು. ಇದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಉಳಿದರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹ ಮತ್ತು ನೀರಿನ ಮರುಬಳಕೆಗೆ. ಉಳಿದ ಶೇ. 40 ಮುಕ್ತ ಅನುದಾನವಾಗಿದ್ದು, ವೇತನ ಮತ್ತು ಸಿಬ್ಬಂದಿ ವೆಚ್ಚಕ್ಕೆ ಬಳಸುವಂತಿರಲಿಲ್ಲ. ಉದಾಹರಣೆಗೆ, ಪಂಚಾಯತಿಗೆ ರೂ. 20 ಲಕ್ಷ ಬಂದಿದ್ದಲ್ಲಿ ರೂ. 12 ಲಕ್ಷ ನೀರು ಮತ್ತು ನೈರ್ಮಲ್ಯಕ್ಕೆ ಮೀಸಲು. ರಸ್ತೆ, ಸಂತೆಕಟ್ಟೆ, ಶೆಡ್ ಎಲ್ಲವೂ ಉಳಿದ ರೂ. 8 ಲಕ್ಷದೊಳಗೆ ಪೈಪೋಟಿ ನಡೆಸಬೇಕಾಗಿತ್ತು. ಆದ್ದರಿಂದಲೇ ಗ್ರಾಮ ಸಭೆಯಲ್ಲಿ ಆದ್ಯತಾ ಕ್ರಮ ನಿಗದಿಯಾಗುವಾಗ ಬೇಡಿಕೆದಾರರು ಖುದ್ದು ಹಾಜರಿರುವುದು ಒಳ್ಳೆಯದು.

ಸ್ವಸಹಾಯ ಸಂಘಗಳ ಸದಸ್ಯೆಯರಿಗೆ ಇನ್ನೊಂದು ಮಾರ್ಗವೂ ಇದೆ. ಸಂಘಗಳು ಹಾಗೂ ಅವುಗಳ ಒಕ್ಕೂಟವು ತಯಾರಿಸುವ ಗ್ರಾಮ ಬಡತನ ನಿವಾರಣಾ ಯೋಜನೆಯನ್ನು ಪಂಚಾಯತಿಯ ಅಭಿವೃದ್ಧಿ ಯೋಜನೆಯೊಂದಿಗೆ ಸಂಯೋಜಿಸಲಾಗುತ್ತದೆ. ಇಪ್ಪತ್ತು ಮನೆಗಳ ಬೇಡಿಕೆ ಒಕ್ಕೂಟದ ಪಟ್ಟಿಯಲ್ಲಿ ಬಂದಾಗ ಅದಕ್ಕಿರುವ ತೂಕ ಬಿಡಿ ಅರ್ಜಿಗೆ ಬರುವುದಿಲ್ಲ.

ಅನುಮೋದನೆಯ ನಂತರ

ಅನುಮೋದಿತ ಯೋಜನೆಯನ್ನು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಅಳವಡಿಸಲಾಗುತ್ತದೆ. ಈ ಜಾಲತಾಣವು 2020ರ ಏಪ್ರಿಲ್ 24ರಂದು ಚಾಲನೆಗೊಂಡಿದ್ದು, ಪಂಚಾಯತಿವಾರು ಕಾಮಗಾರಿ ಮತ್ತು ವೆಚ್ಚವನ್ನು ಯಾರು ಬೇಕಾದರೂ ವೀಕ್ಷಿಸಬಹುದು. ಬೇಡಿಕೆ ಸೇರದಿದ್ದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರನ್ನು ವಿಚಾರಿಸತಕ್ಕದ್ದು. ನಡವಳಿಯ ಪ್ರತಿಯನ್ನು ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಸಲ್ಲಿಸಿ ಕೋರಬಹುದಾಗಿದ್ದು, ಉತ್ತರಕ್ಕೆ 30 ದಿನಗಳ ಕಾಲಮಿತಿ ಇರುತ್ತದೆ.