ಕೊಳವೆಯೂ ಸಂಧಿಯೂ

ನಮ್ಮ ಊರು ತಣಿಸಂದ್ರ. ಹೆಸರಿನ ಕೊನೆಯಲ್ಲಿರುವ ‘ಸಂದ್ರ’ವು ‘ಸಮುದ್ರ’ ಶಬ್ದದ ಸವೆದ ರೂಪ. ಹಿಂದಿನವರು ದೊಡ್ಡ ಕೆರೆಯನ್ನು ಸಮುದ್ರವೆಂದೇ ಕರೆಯುತ್ತಿದ್ದರು. ಬೊಮ್ಮಸಂದ್ರ, ಸಿಂಗಸಂದ್ರ ಮೊದಲಾದ ಹೆಸರುಗಳೂ ಇದೇ ಬಗೆಯವು. ಬೆಂಗಳೂರಿನ ಉತ್ತರ ದಿಕ್ಕಿನಲ್ಲಿ, ರಾಚೇನಹಳ್ಳಿ ಕೆರೆಯ ಮಗ್ಗುಲಲ್ಲಿರುವ ಈ ಊರು ಹೆಸರಿನಲ್ಲಿ ಸಮುದ್ರವನ್ನು ಹೊತ್ತಿದ್ದರೂ ಇಂದು ಇಲ್ಲಿಯ ಮನೆಗಳ ನೀರು ಕೆರೆಯದಲ್ಲ. ಅದು ಕೊಳವೆಬಾವಿಯದಾಗಲಿ, ಟ್ಯಾಂಕರಿನದಾಗಲಿ, ಕಾವೇರಿಯದಾಗಲಿ, ಅಡುಗೆಮನೆಯ ನಲ್ಲಿಯನ್ನು ಮುಟ್ಟಬೇಕಾದರೆ ಗೋಡೆಯಲ್ಲಿ ಹುದುಗಿದ ಪ್ಲಾಸ್ಟಿಕ್ ಪೈಪನ್ನು ಹಾದೇ ಬರಬೇಕು. ಈ ಪೈಪಿಗೂ ಒಂದು ಚರಿತ್ರೆಯುಂಟು. ಅದನ್ನು ಬಲ್ಲವರು ಪೈಪನ್ನು ಆರಿಸುವಾಗಲೂ ಜೋಡಿಸುವಾಗಲೂ ಸುಲಭವಾಗಿ ಮೋಸಹೋಗಲಾರರು.

ಮೊದಲಿನದು ಮಣ್ಣಿನ ಕೊಳವೆ. ವಿಜಾಪುರದ ಮಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1651ರಲ್ಲಿ, ಕಟ್ಟಿದ ಬೇಗಂ ತಲಾಬಿನಿಂದ ನಗರಕ್ಕೆ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯುತ್ತಿತ್ತು. ಸುಟ್ಟ ಮಣ್ಣು ಹೆಚ್ಚಿನ ಒತ್ತಡವನ್ನು ತಾಳದು. ಅದರ ಕೀಲುಗಳಂತೂ ತಾಳವು. ಆದುದರಿಂದ ದಾರಿಯಲ್ಲಿ ಅಲ್ಲಲ್ಲಿ ‘ಗಂಜ್’ ಎಂಬ ಗೋಪುರಗಳನ್ನು ಎಬ್ಬಿಸಿದರು. ನೀರು ಗೋಪುರದೊಳಗೆ ಏರಿ, ಒತ್ತಡವನ್ನು ಕಳೆದುಕೊಂಡು, ಹೂಳನ್ನು ತಳದಲ್ಲಿ ಬಿಟ್ಟು ಮುಂದೆ ಸಾಗುತ್ತಿತ್ತು. ಕೊಳವೆಯ ಶಕ್ತಿಯನ್ನು ಅರಿತು ನೀರನ್ನು ಕಳುಹಿಸಬೇಕೆಂಬ ಪಾಠವನ್ನು ಆ ಗೋಪುರಗಳು ಇಂದಿಗೂ ಹೇಳುತ್ತಿವೆ.

ರೋಮನರು ಸೀಸದ ಕೊಳವೆಗಳನ್ನು ಬಳಸಿದರು. ಲ್ಯಾಟಿನ್ನಿನಲ್ಲಿ ಸೀಸಕ್ಕೆ ‘ಪ್ಲಂಬಮ್’ ಎಂದು ಹೆಸರು. ನಾವು ಈಗ ಮನೆಗೆ ಕರೆಯುವ ‘ಪ್ಲಂಬರ್’ ಆ ಶಬ್ದದ ಸಂತಾನ. ಸೀಸ ಬಗ್ಗಿಸಲು ಸುಲಭವಾದರೂ ದೇಹಕ್ಕೆ ವಿಷ.

ಬೆಂಗಳೂರಿಗೆ ಬಂದುದು ಕಬ್ಬಿಣ. ಶೇಷಾದ್ರಿ ಅಯ್ಯರ್ ಅವರ ದಿವಾನಗಿರಿಯಲ್ಲಿ, 1896ರಲ್ಲಿ, ಹೆಸರಘಟ್ಟದ ಕೆರೆಯಿಂದ ಅರ್ಕಾವತಿಯ ನೀರು ನಗರಕ್ಕೆ ಹರಿಯಿತು. ಕ್ರಮೇಣ ಮನೆಯೊಳಗೆ ಸತುವಿನ ಲೇಪವಿದ್ದ ಜಿ.ಐ. ಪೈಪು ಬಂತು. ಅದರ ತುದಿಗೆ ಮರೆ ಕೊರೆದು, ನಾರು ಸುತ್ತಿ, ಬಣ್ಣ ಬಳಿದು, ರೆಂಚಿನಿಂದ ಬಿಗಿಯುತ್ತಿದ್ದುದನ್ನು ನಮ್ಮ ವಯಸ್ಸಿನವರೆಲ್ಲ ನೋಡಿದ್ದೇವೆ. ಆದರೆ ಲೇಪ ಸವೆದ ಮೇಲೆ ಕಬ್ಬಿಣಕ್ಕೆ ತುಕ್ಕು ತಪ್ಪದು. ಅದರ ಮೇಲೆ ಕೊಳವೆಬಾವಿಯ ಗಡಸು ನೀರಿನ ಸುಣ್ಣವೂ ಕಟ್ಟಿದರೆ ಪೈಪಿನ ಬಾಯಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತದೆ.

ತುಕ್ಕು ಹಿಡಿಯದ ಪ್ಲಾಸ್ಟಿಕ್ಕಿನ ಕಥೆ 1872ರಷ್ಟು ಹಳೆಯದು. ಆ ವರ್ಷ ಜರ್ಮನಿಯ ಬೌಮನ್ ಎಂಬ ವಿಜ್ಞಾನಿ ಬಿಸಿಲಿಗಿಟ್ಟ ಶೀಷೆಯಲ್ಲಿ ಬಿಳಿಯ ಗಟ್ಟಿ ವಸ್ತುವೊಂದನ್ನು ಕಂಡನು. ಅದೇ ಪಿ.ವಿ.ಸಿ. ಅದನ್ನು ಬೇಕಾದ ಆಕಾರಕ್ಕೆ ತರುವುದು ಬಹುಕಾಲ ಸಾಧ್ಯವಾಗಲಿಲ್ಲ. 1926ರಲ್ಲಿ ಅಮೆರಿಕದ ವಾಲ್ಡೋ ಸೆಮನ್ ಅದನ್ನು ಮೆತುವಾಗಿಸುವ ಉಪಾಯವನ್ನು ಕಂಡುಹಿಡಿದನು. 1930ರ ದಶಕದಲ್ಲಿ ಜರ್ಮನಿಯಲ್ಲಿ ಗಡಸು ಪಿ.ವಿ.ಸಿ. ಕೊಳವೆಗಳಲ್ಲಿ ನೀರು ಹರಿಯಿತು. ಕುಡಿಯುವ ನೀರಿನ ಪಿ.ವಿ.ಸಿ. ಪೈಪಿಗೆ ನಮ್ಮ ದೇಶದ ಮಾನಕ, ಐ.ಎಸ್. 4985, ಮೊದಲು ಹೊರಬಂದುದು 1968ರಲ್ಲಿ.

ಪಿ.ವಿ.ಸಿ.ಗೆ ಬಿಸಿ ಆಗದು. ಆ ಮಾನಕವು ಅದಕ್ಕೆ 45 ಡಿಗ್ರಿಯವರೆಗಿನ ನೀರನ್ನಷ್ಟೇ ಒಪ್ಪುತ್ತದೆ. ಗೀಸರಿಗೂ ಸೋಲಾರಿಗೂ ಬೇಕಾದುದು ಕ್ಲೋರಿನ್ ಅಂಶ ಹೆಚ್ಚಿಸಿದ ಸಿ.ಪಿ.ವಿ.ಸಿ. ಇದರ ಮಾನಕ 2007ರ ಐ.ಎಸ್. 15778. ಪೈಪಿನ ಮೇಲೆ ಈ ಅಂಕಿಯನ್ನೂ ಐ.ಎಸ್.ಐ. ಗುರುತನ್ನೂ ಓದಿಯೇ ಕೊಳ್ಳತಕ್ಕದ್ದು. ರೋಮಿನ ಸೀಸವೂ ಇಲ್ಲಿ ಮತ್ತೆ ತಲೆಹಾಕಿತ್ತು. ತಯಾರಿಕೆಯಲ್ಲಿ ಪಿ.ವಿ.ಸಿ. ಕೆಡದಿರಲೆಂದು ಸೀಸದ ಲವಣಗಳನ್ನು ಬೆರೆಸುವ ರೂಢಿಯಿತ್ತು. ಅದನ್ನು ತಡೆಯಲು ಕೇಂದ್ರ ಸರ್ಕಾರ 2021ರಲ್ಲಿ ನಿಯಮಗಳನ್ನು ಹೊರಡಿಸಿತು.

ಅಂಗಡಿಯಲ್ಲಿ ಇನ್ನೊಂದು ತೊಡಕುಂಟು. ‘ಮುಕ್ಕಾಲು ಅಂಗುಲ’ವೆಂದು ಕೇಳಿದರೆ ಎರಡು ಬಗೆಯೂ ದೊರೆಯುತ್ತವೆ. ಆದರೆ ಸಿ.ಪಿ.ವಿ.ಸಿ.ಯ ಹೊರ ಅಳತೆ 22.2 ಮಿಲಿಮೀಟರು, ಮನೆಬಳಕೆಯ ಯು.ಪಿ.ವಿ.ಸಿ.ಯದು 26.7. ಒಂದರ ಎಲ್ಬೋ ಮತ್ತೊಂದರ ಪೈಪಿಗೆ ಕೂರದು. ಒಂದರ ಅಂಟೂ ಮತ್ತೊಂದಕ್ಕೆ ಸಲ್ಲದು. ಪೈಪು, ಎಲ್ಬೋ, ಟೀ, ಅಂಟು ಎಲ್ಲವೂ ಒಂದೇ ಜಾತಿಯವಾಗಿರಬೇಕು. ನಲ್ಲಿ ಕೂರುವ ಕಡೆ ಹಿತ್ತಾಳೆಯ ಮರೆಯಿರುವ ತುಂಡೇ ಲೇಸು.

ಇನ್ನು ಜೋಡಣೆ. ನಾನು ಮೂವತ್ತು ವರ್ಷ ಮಕ್ಕಳಿಗೆ ಸಂಧಿಪ್ರಕರಣ ಹೇಳಿದವನು. ಎರಡು ಅಕ್ಷರಗಳು ನಡುವೆ ಕಾಲವಿಳಂಬವಿಲ್ಲದೆ ಕೂಡುವುದು ಸಂಧಿ. ಒಮ್ಮೆ ಮಹಡಿಯ ಟ್ಯಾಂಕಿನ ಪೈಪಿಗೆ ನಾನೇ ಒಂದು ಎಲ್ಬೋ ಅಂಟಿಸಿ, ಇದಕ್ಕೂ ಅದೇ ಸೂತ್ರವೆಂಬಂತೆ ಹತ್ತು ನಿಮಿಷದೊಳಗೆ ವಾಲ್ವ್ ತಿರುಗಿಸಿದೆ. ಬೆಳಗಾಗುವಷ್ಟರಲ್ಲಿ ಟ್ಯಾಂಕು ಬರಿದಾಗಿ, ಗೋಡೆ ನೆನೆದು, ಹಿಂದಿನ ದಿನ ಕಾಸು ಕೊಟ್ಟು ತುಂಬಿಸಿದ ಟ್ಯಾಂಕರಿನ ನೀರೆಲ್ಲ ಚರಂಡಿ ಸೇರಿತ್ತು. ವ್ಯಾಕರಣದ ಸಂಧಿಗೆ ಕಾಲವಿಳಂಬ ಸಲ್ಲದು. ಪೈಪಿನ ಸಂಧಿಗೆ ಅದೇ ಪ್ರಾಣ.

ಕಾರಣ ಇಷ್ಟೆ. ಈ ಅಂಟು ಗೋಂದಿನಂತೆ ನಡುವೆ ನಿಲ್ಲುವುದಲ್ಲ. ಎರಡು ಮೈಗಳನ್ನೂ ಮೆತ್ತಗಾಗಿಸಿ ಒಂದರೊಳಗೊಂದನ್ನು ಬೆಸೆಯುವಂಥದು. ಅದು ಆರುವವರೆಗೆ ಕೀಲಿಗೆ ಬಲವಿಲ್ಲ. ಆದುದರಿಂದ ಪೈಪನ್ನು ನೇರವಾಗಿ ಕೊಯ್ದು, ಅಂಚಿನ ಸಿಬಿರು ತೆಗೆದು, ಧೂಳು ತೇವಗಳನ್ನು ಒರಸಬೇಕು. ಅಂಟಿಲ್ಲದೆ ಒಮ್ಮೆ ಕೂಡಿಸಿ ನೋಡಿ, ಎಷ್ಟು ಒಳಹೋಗಬೇಕೆಂಬುದಕ್ಕೆ ಗೆರೆ ಎಳೆಯಬೇಕು. ಬಳಿಕ ಎರಡು ಮೈಗೂ ತೆಳುವಾಗಿ ಬಳಿದು, ಕಾಲು ಸುತ್ತು ತಿರುಗಿಸುತ್ತ ಒಳನೂಕಿ, ಅರ್ಧ ನಿಮಿಷ ಕೈಬಿಡದೆ ಹಿಡಿದಿರಬೇಕು. ಒಂದು ಹಗಲೂ ಒಂದು ಇರುಳೂ ಕಳೆದ ಮೇಲೆ ನೀರು ಬಿಟ್ಟು ಪರೀಕ್ಷಿಸಬೇಕು. ಗೋಡೆಗೆ ಗಾರೆ ಮೆತ್ತುವುದು ಅನಂತರ. ಮಾಳಿಗೆಯ ಮೇಲಿನ ಪೈಪು ವರ್ಷಗಟ್ಟಲೆ ಬಿಸಿಲು ತಿಂದು ಬಿರುಸಾಗುತ್ತದೆ. ಅದಕ್ಕೆ ಬಣ್ಣವನ್ನೋ ಮರೆಯನ್ನೋ ಒದಗಿಸಬೇಕು.

ಕಾವೇರಿ ಬೆಂಗಳೂರಿಗೆ ಬಂದುದು 1974ರಲ್ಲಿ. ಹೊರವಲಯದ 110 ಹಳ್ಳಿಗಳಿಗಾಗಿ ಐದನೆಯ ಹಂತ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ಆ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರು ನಡೆದು, ಸುಮಾರು 500 ಮೀಟರು ಮೇಲೇರಿ ಬರುತ್ತದೆ. ಸೆಕೆಂಡಿಗೊಂದು ಹನಿ ಸೋರುವ ಕೀಲು ದಿನಕ್ಕೆ 4 ಲೀಟರನ್ನೂ, ವರ್ಷಕ್ಕೆ 1,500 ಲೀಟರನ್ನೂ ನುಂಗುತ್ತದೆ. ಅಷ್ಟು ದೂರ ಬಂದ ಅತಿಥಿಯನ್ನು ಹೊಸ್ತಿಲ ಬಳಿ ಕಳೆದುಕೊಳ್ಳುವುದು ಗೃಹಸ್ಥನಿಗೆ ಒಪ್ಪುವ ಮಾತಲ್ಲ. ಮಣ್ಣು, ಸೀಸ, ಕಬ್ಬಿಣ, ಪ್ಲಾಸ್ಟಿಕ್ ಎಂದು ಕೊಳವೆಯ ಮೈ ಬದಲಾಯಿತು. ಸಂಧಿಯನ್ನು ಕಾಯಬೇಕೆಂಬುದು ಮಾತ್ರ ಬದಲಾಗಲಿಲ್ಲ.