ತಂಪನ್ನು ನಿಲ್ಲಿಸುವ ವಿದ್ಯೆ

ಮೋಟಾರು ಬಂಡಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ವೇಗದ ಚರಿತ್ರೆಯನ್ನೇ ಬರೆಯುತ್ತಾರೆ. ಎಷ್ಟು ಅಶ್ವಶಕ್ತಿ, ಗಂಟೆಗೆ ಎಷ್ಟು ಮೈಲಿ, ಯಾವ ಪಂದ್ಯದಲ್ಲಿ ಯಾರ ಗೆಲುವು ಎಂಬ ವಿವರಗಳಿಗೆ ಅಲ್ಲಿ ಕೊರತೆಯಿಲ್ಲ. ಆದರೆ ಬಂಡಿಯ ಒಳಗೆ ಕುಳಿತವನ ಮೈಗೆ ಸಂಬಂಧಿಸಿದ ಇನ್ನೊಂದು ಚರಿತ್ರೆಯೂ ಇದೆ. ಬಿಸಿಲಿನಲ್ಲಿ ಕಾದ ಲೋಹದ ಪೆಟ್ಟಿಗೆಯನ್ನು ತಂಪು ಮಾಡಲು ಅವನು ಪಟ್ಟ ಪಾಡು, ಆ ತಂಪಿಗಾಗಿ ತೆತ್ತ ಎಣ್ಣೆಯ ಲೆಕ್ಕ, ಇವು ಅದರ ವಸ್ತು. ಈ ಚರಿತ್ರೆಯನ್ನು ನೋಡುತ್ತ ಹೋದಂತೆ ನನಗೆ ಒಂದು ಸಂಗತಿ ವಿಶೇಷವಾಗಿ ಕಂಡಿತು. ತಂಪನ್ನು ಹುಟ್ಟಿಸುವ ವಿದ್ಯೆ ಮನುಷ್ಯನಿಗೆ ಬೇಗ ಕೈವಶವಾಯಿತು. ಸಾಕೆನಿಸಿದಾಗ ಅದನ್ನು ನಿಲ್ಲಿಸುವ ವಿದ್ಯೆಯನ್ನು ಕಲಿಯಲು ಬಹುಕಾಲ ಹಿಡಿಯಿತು.

ಮಣ್ಣಿನ ಹೂಜಿಯ ನೀರು ಬೇಸಗೆಯಲ್ಲೂ ತಣ್ಣಗಿರುವುದನ್ನು ನಾವೆಲ್ಲ ಬಲ್ಲೆವು. ಹೂಜಿಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಬಯಲುಸೀಮೆಯಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದರ ಹಿಂದಿನ ತತ್ತ್ವವೂ ಇದೇ. ಅಮೆರಿಕದ ನೈಋತ್ಯ ಭಾಗದ ಮರುಭೂಮಿಗಳಲ್ಲಿ 1930ರ ದಶಕದಿಂದ ಪ್ರಯಾಣಿಕರು ಕಾರಿನ ಕಿಟಕಿಗೆ ಕೊಳವೆಯಾಕಾರದ ಒಂದು ಡಬ್ಬಿಯನ್ನು ತಗುಲಿಹಾಕುತ್ತಿದ್ದರು. ಓಟದ ಗಾಳಿ ಅದರೊಳಗಿನ ಒದ್ದೆ ಮೆತ್ತೆಯ ಮೂಲಕ ಹಾದು ತಂಪಾಗಿ ಒಳಗೆ ಬರುತ್ತಿತ್ತು. ಖರ್ಚು ಅತ್ಯಲ್ಪ. ಆದರೆ ಒಣಹವೆಯಿದ್ದಲ್ಲಿ ಮಾತ್ರ ಅದರ ಆಟ ನಡೆಯುತ್ತಿತ್ತು. ರಾಯಚೂರಿನಲ್ಲಿ ತಂಪೆರೆಯುವ ತಟ್ಟಿ ಮಂಗಳೂರಿನಲ್ಲಿ ಸೋಲುವಂತೆ, ತೇವದ ಹವೆಯಲ್ಲಿ ಈ ಡಬ್ಬಿಯೂ ಸೋಲುತ್ತಿತ್ತು.

ತೇವವನ್ನು ಗೆಲ್ಲುವ ಯಂತ್ರ ಅಷ್ಟರಲ್ಲಿ ಬೇರೆಡೆ ಸಿದ್ಧವಾಗಿತ್ತು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ಹವಾನಿಯಂತ್ರಣವನ್ನು ಯೋಜಿಸಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ, ತೇವಕ್ಕೆ ಹಿಗ್ಗಿ ಕುಗ್ಗುತ್ತಿದ್ದ ಕಾಗದವನ್ನು ಹದದಲ್ಲಿಡುವುದಕ್ಕಾಗಿ. ಇಂಥ ಯಂತ್ರಗಳಲ್ಲಿ ನೀರಿನ ಬದಲು ಒಂದು ಶೀತಕ ದ್ರವ ಆವಿಯಾಗಿ ಒಳಗಿನ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಒತ್ತಿ, ಶಾಖವನ್ನು ಹೊರಗೆ ಚೆಲ್ಲಿಸಿ, ಮತ್ತೆ ದ್ರವವಾಗಿಸುವುದು ಕಂಪ್ರೆಸರ್. ಕಾರಿನಲ್ಲಿ ಈ ಕಂಪ್ರೆಸರನ್ನು ಎಂಜಿನ್ನೇ ಬೆಲ್ಟಿನ ಮೂಲಕ ತಿರುಗಿಸಬೇಕು. ಆದ್ದರಿಂದ ಕಾರಿನ ತಂಪೆಂದರೆ ರೂಪ ಬದಲಿಸಿದ ಪೆಟ್ರೋಲೇ ಸರಿ.

1939ರ ನವೆಂಬರಿನಲ್ಲಿ ಷಿಕಾಗೋದ ಮೋಟಾರು ಪ್ರದರ್ಶನದಲ್ಲಿ ಪ್ಯಾಕರ್ಡ್ ಕಂಪೆನಿಯವರು ಇಂಥ ಯಂತ್ರವನ್ನು ಕಾರಿನಲ್ಲಿಟ್ಟು ತೋರಿಸಿದರು. ಬೆಲೆ 274 ಡಾಲರು. ಸಾಮಾನಿಡುವ ಹಿಂಭಾಗದ ಅರ್ಧ ಜಾಗವನ್ನು ಅದೇ ನುಂಗಿತ್ತು. ಅದರ ದೊಡ್ಡ ಕೊರತೆ ಇವೆರಡೂ ಅಲ್ಲ. ಗಾಳಿ ಬೀಸುವ ಪಂಖವನ್ನು ನಿಲ್ಲಿಸಬಹುದಿತ್ತು, ಕಂಪ್ರೆಸರನ್ನು ನಿಲ್ಲಿಸುವಂತಿರಲಿಲ್ಲ. ಎಂಜಿನ್ ತಿರುಗುವಷ್ಟು ಹೊತ್ತೂ ಅದು ತಿರುಗುತ್ತಲೇ ಇರುತ್ತಿತ್ತು. ಬೇಡವೆನಿಸಿದರೆ ಕಾರನ್ನು ನಿಲ್ಲಿಸಿ, ಮುಚ್ಚಳವೆತ್ತಿ, ಬೆಲ್ಟನ್ನೇ ಕಳಚಬೇಕಿತ್ತು. 1941ರ ಬಳಿಕ ಪ್ಯಾಕರ್ಡ್ ಈ ಸೌಕರ್ಯವನ್ನು ಕೈಬಿಟ್ಟಿತು.

ಪರಿಹಾರ ದೊರೆತದ್ದು 1954ರಲ್ಲಿ. ಹಳೆಯ ರೆಫ್ರಿಜರೇಟರಿನ ಮೇಲೆ ಕೆಲ್ವಿನೇಟರ್ ಎಂಬ ಹೆಸರನ್ನು ನಮ್ಮಲ್ಲಿ ಅನೇಕರು ಓದಿದ್ದಾರೆ. ಆ ಹೆಸರಿನ ಕಂಪೆನಿ ನ್ಯಾಷ್ ಎಂಬ ಕಾರು ಕಂಪೆನಿಯೊಡನೆ 1937ರಲ್ಲಿ ಕೂಡಿಕೊಂಡಿತ್ತು. ಈ ನ್ಯಾಷ್-ಕೆಲ್ವಿನೇಟರ್‌ನವರು ಬಿಸಿ, ತಂಪು ಎರಡನ್ನೂ ಒಂದೇ ಅಚ್ಚುಕಟ್ಟಾದ ವ್ಯವಸ್ಥೆಯಾಗಿ ಕಾರಿನ ಮುಂಭಾಗದಲ್ಲೇ ಅಳವಡಿಸಿ 345 ಡಾಲರಿಗೆ ಕೊಟ್ಟರು. ಅದರಲ್ಲಿ ವಿದ್ಯುತ್ತಿನಿಂದ ಕೆಲಸಮಾಡುವ ಒಂದು ಕ್ಲಚ್ ಇತ್ತು. ಗುಂಡಿಯೊತ್ತಿದರೆ ಕಂಪ್ರೆಸರು ಎಂಜಿನ್ನಿಗೆ ಕೂಡಿಕೊಳ್ಳುವುದು, ಬಿಟ್ಟರೆ ಬೇರ್ಪಡುವುದು. ಈ ಸಣ್ಣ ಸಾಧನವೇ ಕಾರಿನ ತಂಪಿಗೆ ಮೊದಲ ಬಾರಿಗೆ ಒಂದು ಕಡಿವಾಣ ಹಾಕಿತೆಂದು ನಾನು ಭಾವಿಸುತ್ತೇನೆ.

ಆದರೆ ಕಡಿವಾಣವಿದ್ದ ಮಾತ್ರಕ್ಕೆ ಅದನ್ನು ಎಳೆಯುವ ಮನಸ್ಸು ಇರಬೇಕಲ್ಲ? ಅಗ್ಗದ ಎಣ್ಣೆಯ ಆ ದಿನಗಳಲ್ಲಿ ಅದು ಇರಲಿಲ್ಲ. 1960ರ ದಶಕದ ಅನೇಕ ದೊಡ್ಡ ಅಮೆರಿಕನ್ ಕಾರುಗಳಲ್ಲಿ, ತಂಪು ಬೇಕೆಂದ ಮೇಲೆ ಕಂಪ್ರೆಸರು ಬಿಡುವಿಲ್ಲದೆ ಓಡುತ್ತಿತ್ತು. ಗಾಳಿಯನ್ನು ಮೊದಲು ಹೆಪ್ಪುಗಟ್ಟುವ ಮಟ್ಟದ ಸಮೀಪಕ್ಕೆ ತಣಿಸಿ, ಅದು ಅತಿಯಾಯಿತೆಂದು ಎಂಜಿನ್ನಿನ ಬಿಸಿಯನ್ನು ಬೆರೆಸಿ ಹದಮಾಡುತ್ತಿದ್ದರು. ಸ್ನಾನಕ್ಕೆಂದು ಹಂಡೆಯ ನೀರನ್ನೆಲ್ಲ ಕುದಿಸಿ, ಕೊಡಗಟ್ಟಲೆ ತಣ್ಣೀರು ಸುರಿದುಕೊಳ್ಳುವ ಮನೆಯಲ್ಲಿ ಸೌದೆಯ ಗತಿ ಏನಾದೀತು? ಇಲ್ಲಿಯೂ ಅದೇ ಆಯಿತು. 1969ರ ಹೊತ್ತಿಗೆ ಆ ದೇಶದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹವಾನಿಯಂತ್ರಿತವಾಗಿದ್ದವು.

1973ರ ಅಕ್ಟೋಬರಿನ ಯುದ್ಧ, ಅದರ ಹಿಂದೆಯೇ ಬಂದ ಅರಬ್ ರಾಷ್ಟ್ರಗಳ ಎಣ್ಣೆ ನಿರ್ಬಂಧ ಈ ನಿಶ್ಚಿಂತೆಯನ್ನು ಕಲಕಿದವು. ಪೀಪಾಯಿಗೆ ಸುಮಾರು 3 ಡಾಲರಿದ್ದ ಕಚ್ಚಾ ಎಣ್ಣೆ ಕೆಲವೇ ತಿಂಗಳಲ್ಲಿ 12 ಡಾಲರಿನ ಸಮೀಪಕ್ಕೆ ಏರಿತು. ಆ ದಶಕದ ಮಧ್ಯಭಾಗದಲ್ಲಿ ಜನರಲ್ ಮೋಟರ್ಸ್‌ನವರು ಅಗತ್ಯವಿದ್ದಷ್ಟೇ ಹೊತ್ತು ಕ್ಲಚ್ ಕೂಡಿ, ಸಾಕಾದೊಡನೆ ತಾನಾಗಿ ಬಿಡುವ ವ್ಯವಸ್ಥೆಗೆ ತಿರುಗಿದರು. 1975ರಲ್ಲಿ ಕಾರುಗಳ ಇಂಧನ ಮಿತವ್ಯಯಕ್ಕೆ ಅಮೆರಿಕದಲ್ಲಿ ಕಾನೂನೇ ಆಯಿತು. ಆದರೂ ಒಂದು ವಿಚಿತ್ರ ಉಳಿಯಿತು. ಗ್ಯಾಲನ್ನಿಗೆ ಎಷ್ಟು ಮೈಲಿ ಎಂದು ಸರ್ಕಾರ ಪ್ರಕಟಿಸುತ್ತಿದ್ದ ಅಂಕಿ ದೊರೆಯುತ್ತಿದ್ದದ್ದು ತಂಪಿನ ಯಂತ್ರವನ್ನು ಆರಿಸಿ ಮಾಡಿದ ಪರೀಕ್ಷೆಯಿಂದ! ಅದನ್ನು ನಿಜವಾಗಿ ಓಡಿಸಿ ನೋಡಿದ ಫಲ ಆ ಅಂಕಿಯಲ್ಲಿ ಸೇರಿದ್ದು 2008ರ ಮಾದರಿಗಳಿಂದ. ಈ ಶತಮಾನದ ಆರಂಭದಲ್ಲಿ ಅಮೆರಿಕದ ಒಂದು ರಾಷ್ಟ್ರೀಯ ಪ್ರಯೋಗಾಲಯ, ಅಲ್ಲಿನ ವಾಹನಗಳ ತಂಪಿಗೇ ವರ್ಷಕ್ಕೆ ಸುಮಾರು 700 ಕೋಟಿ ಗ್ಯಾಲನ್ ಇಂಧನ ಉರಿಯುತ್ತದೆಂದು ಅಂದಾಜುಮಾಡಿತು. ಲೆಕ್ಕಕ್ಕೆ ಬಾರದ ಖರ್ಚು ಹೇಗೆ ಬೆಳೆಯುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ನಮ್ಮ ದೇಶದಲ್ಲಿ ಈ ಖರ್ಚು ಅಷ್ಟು ಸುಲಭವಾಗಿ ಮರೆಯಾಗಲಿಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಎಂಜಿನ್ 796 ಸಿ.ಸಿ.ಯ ಪುಟ್ಟ ಎಂಜಿನ್. ಅಂಥ ಬಂಡಿಗೆ ಹವಾನಿಯಂತ್ರಣ ಸೇರಿದಾಗ, ಗುಂಡಿಯೊತ್ತಿದ ಕ್ಷಣವೇ ಎಂಜಿನ್ ಏದುಸಿರು ಬಿಡುವುದು ಚಾಲಕನ ಕಾಲಿಗೇ ತಿಳಿಯುತ್ತಿತ್ತು. ಶಿರಾಡಿಯ ಅಥವಾ ಆಗುಂಬೆಯ ಘಾಟಿ ಹತ್ತುವಾಗ ಏಸಿ ಆರಿಸಿ ಗಾಜಿಳಿಸುವ ನಮ್ಮ ಚಾಲಕರ ಪದ್ಧತಿ ಯಾವ ಪುಸ್ತಕದಿಂದಲೂ ಬಂದದ್ದಲ್ಲ. ಎಂಜಿನ್ನಿನ ನರಳಾಟವನ್ನು ಕೇಳಿ ಬಂದದ್ದು.

ಇಷ್ಟನ್ನು ತಿಳಿದವನು ತಂಪನ್ನು ಹೇಗೆ ಬಳಸಬೇಕು? ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಹವೆ ಹೊರಗಿನದಕ್ಕಿಂತ 20 ಡಿಗ್ರಿಗೂ ಹೆಚ್ಚು ಕಾದಿರಬಲ್ಲದು. ಆ ಬೇಗೆಯನ್ನು ಯಂತ್ರದಿಂದ ಹೊರಹಾಕುವುದು ದುಬಾರಿ. ಗಾಜುಗಳನ್ನಿಳಿಸಿ ಒಂದೆರಡು ನಿಮಿಷ ಓಡಿಸಿದರೆ ಗಾಳಿಯೇ ಅದನ್ನು ಒಯ್ಯುತ್ತದೆ. ಹೊರಡುವ ಮೊದಲೇ ಎಂಜಿನ್ ಹಚ್ಚಿ ತಂಪಾಗಲೆಂದು ಕಾಯುವುದು ವ್ಯರ್ಥ. ಬೇಗೆ ಹೋದ ಬಳಿಕ ಗಾಜೇರಿಸಿ, ಒಳಗಿನ ಗಾಳಿಯನ್ನೇ ಮತ್ತೆ ತಣಿಸುವಂತೆ ಗುಂಡಿಯಿಟ್ಟರೆ ಯಂತ್ರದ ಹೊರೆ ಇಳಿಯುತ್ತದೆ. ದೂರದ ಪ್ರಯಾಣದಲ್ಲಿ ಆಗಾಗ ಹೊಸ ಗಾಳಿಗೆ ಎಡೆಕೊಡಬೇಕು. ಊರೊಳಗಿನ ನಿಧಾನದ ಓಡಾಟಕ್ಕೆ ತೆರೆದ ಕಿಟಕಿಯೇ ಮಿತವ್ಯಯದ ದಾರಿ. ಹೆದ್ದಾರಿಯಲ್ಲಿ ಹಾಗಲ್ಲ, ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ ಅಲ್ಲಿ ತೆರೆದ ಕಿಟಕಿಯ ಲಾಭ ಕರಗುತ್ತ ಹೋಗುತ್ತದೆ. ಕಡುಬಿಸಿಲಿನ ಕಿರುಪ್ರಯಾಣಗಳಲ್ಲಿ ತಂಪು ಇಂಧನದ ಓಟವನ್ನು ಕಾಲುಭಾಗಕ್ಕೂ ಹೆಚ್ಚು ಕುಗ್ಗಿಸಬಲ್ಲದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ.

ಇನ್ನೊಂದು ಮಾತು. ಇಂದಿನ ಎಷ್ಟೋ ಸಾಮಾನ್ಯ ಕಾರುಗಳಲ್ಲಿ ಚಳಿಯಾಯಿತೆಂದು ತಿರುಗುಗುಂಡಿಯನ್ನು ಬಿಸಿಯ ಕಡೆಗೆ ಹೊರಳಿಸಿದರೆ, ತಣಿದ ಗಾಳಿಗೆ ಎಂಜಿನ್ನಿನ ಬಿಸಿ ಬೆರೆಯುತ್ತದೆ. ಕಂಪ್ರೆಸರಿನ ದುಡಿಮೆ ಅದರಿಂದ ತಗ್ಗುವುದಿಲ್ಲ. 1960ರ ದಶಕದ ಹಂಡೆ ಇನ್ನೂ ಒಲೆಯ ಮೇಲಿದೆ ಎಂದಾಯಿತು. ಅಂಥ ಕಾರಿನಲ್ಲಿ, ಚಳಿಯೆನಿಸಿದಾಗ ಏಸಿಯ ಗುಂಡಿಯನ್ನೇ ಆರಿಸಿ ಸ್ವಲ್ಪ ಹೊತ್ತು ಬಿಡುವುದು ಮೇಲು.

ವಿದ್ಯುತ್ ಕಾರುಗಳು ಬಂದ ಮೇಲೆ ಬೆಲ್ಟೂ ಹೋಯಿತು, ಪೆಟ್ರೋಲೂ ಹೋಯಿತು. ಲೆಕ್ಕ ಮಾತ್ರ ಹೋಗಲಿಲ್ಲ. ತಂಪಿಗೆ ತೆತ್ತಷ್ಟು ಬ್ಯಾಟರಿಯ ಓಟ ಕುಗ್ಗುತ್ತದೆ. ನಮ್ಮ ಬೇಸಗೆಗಳ ತಾಪ ಏರುತ್ತಿರುವಾಗ ತಂಪು ಬೇಡವೆಂದು ಯಾರಿಗೂ ಉಪದೇಶಿಸಲಾರೆ. ವೃದ್ಧರಿಗೆ, ರೋಗಿಗಳಿಗೆ, ಹಸುಗೂಸುಗಳಿಗೆ ಅದು ವಿಲಾಸವಲ್ಲ, ಅಗತ್ಯ. ಪ್ಯಾಕರ್ಡ್ ಕಾರಿನವನಿಗೆ ಇಲ್ಲದಿದ್ದ ಒಂದು ಅನುಕೂಲ ನಮಗಿದೆ: ತಂಪು ಸಾಕಾದಾಗ ನಾವು ಇಳಿದು ಬೆಲ್ಟು ಕಳಚಬೇಕಿಲ್ಲ, ಒಂದು ಬೆರಳನ್ನು ಮುಂದೆ ಚಾಚಿದರೆ ಸಾಕು.